ಬೆಂಕಿಯಾಳಿಗೆ ಮೊದಲು ಒಂದು ಹೊಟ್ಟೆ ಕೊಡಿ

ಪ್ರಶ್ನೆ: ನಾವು ಆರು ಜನ ಗೆಳೆಯರು. ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆಯವರು. ಕಾಲೇಜಿನಲ್ಲಿ ಶುರು ಮಾಡಿದ ರೋಲ್ ಪ್ಲೇಯಿಂಗ್ ಆಟವನ್ನು, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕತೆ ಮುಂದುವರಿಸುವ ಆಟವನ್ನು, ಮೂರು ವರ್ಷದಿಂದ ಪ್ರತಿ ಭಾನುವಾರ ಆಡುತ್ತಿದ್ದೇವೆ. ನಮ್ಮದೇ ಒಂದು ಲೋಕ ಕಟ್ಟಿಕೊಂಡಿದ್ದೇವೆ. ಹೆಸರು ಏಳುಬೆಟ್ಟದ ಸೀಮೆ. ಅದಕ್ಕೆ ಯಾರು ಬೇಕಾದರೂ ಹೊಸ ಪ್ರಾಣಿ ಸೇರಿಸಬಹುದು ಅಂತ ಮೊದಲೇ ಮಾತಾಗಿತ್ತು. ಈಗ 64 ಪ್ರಾಣಿಗಳಾಗಿವೆ, ಆದರೆ ಆಟ ಸಪ್ಪೆಯಾಗಿದೆ. ಹೊಸ ಪ್ರಾಣಿ ಎದುರಾದರೆ ಯಾರಿಗೂ ಭಯವಿಲ್ಲ, ಕುತೂಹಲವಿಲ್ಲ. ‘ಹೆಚ್‌ಪಿ ಎಷ್ಟು?’, ಅಂದರೆ ಎಷ್ಟು ಏಟಿಗೆ ಸಾಯುತ್ತೆ ಅಂತ ಅಂಕಿ ಕೇಳಿ ದಾಳ ಉರುಳಿಸುತ್ತಾರೆ. ನಾನು ತುಂಬಾ ಇಷ್ಟಪಟ್ಟು ಬೆಂಕಿಯಾಳಿ ಅಂತ ಒಂದು ಮಾಡಿದ್ದೆ. ಆನೆ ಗಾತ್ರ, ಸಿಂಹದ ಮುಖ, ಎರಡು ರೆಕ್ಕೆ, ಬಾಯಲ್ಲಿ ಬೆಂಕಿ. ಎರಡೇ ಸೆಷನ್ನಿನಲ್ಲಿ ಕೊಂದು ಮುಗಿಸಿದರು. ಇಂಥ ಪ್ರಾಣಿ ಬದುಕುವುದೇ ಸಾಧ್ಯವಿಲ್ಲ ಅಂತ ಒಬ್ಬ, ಮಾಯಾಲೋಕಕ್ಕೆ ವಿಜ್ಞಾನ ಯಾಕೆ ಅಂತ ಇನ್ನೊಬ್ಬ. ಕೋಲಾರದ ಗೆಳೆಯನಿಗೆ ಬೇರೆ ಬೇಜಾರು: ಚೇಳಿನ ರೂಪದ ದೇವತೆಯನ್ನು ರಾಕ್ಷಸಿ ಮಾಡಿ ಕೊಂದೆವು ಅಂತ. ಹೋದ ತಿಂಗಳು ಒಬ್ಬ ಜಗಳ ಮಾಡಿಕೊಂಡು ಗುಂಪು ಬಿಟ್ಟ. ತನ್ನ 11 ಪ್ರಾಣಿಗಳನ್ನು ತೆಗೆದುಬಿಡಿ ಅನ್ನುತ್ತಿದ್ದಾನೆ. ನಾವು ಎಲ್ಲಿ ತಪ್ಪಿದೆವು? ಪ್ರಾಣಿಗಳ ಪಟ್ಟಿ ಜೊತೆಗಿಟ್ಟಿದ್ದೇನೆ. ಇನ್ನೊಂದು ಸಣ್ಣ ಪ್ರಶ್ನೆ: ಬೆಂಕಿಯಾಳಿಗೆ ಒಂದು ಮರಿ ಕೊಡೋಣ ಅಂತಿದ್ದೇನೆ. ಅದಕ್ಕೂ ಬೆಂಕಿ ಇರಬೇಕಾ?
— ಶಿಡ್ಲಘಟ್ಟದ ಓದುಗರು

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಮೊದಲ ಸಲ ಆಟ ಆಡುವವನಾಗಿ, ಎರಡನೇ ಸಲ ಪಶುವೈದ್ಯನಾಗಿ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ದನ, ಕುರಿ ನೋಡುವುದು ನನ್ನ ಕೆಲಸ. ಹತ್ತು ವರ್ಷದಿಂದ ಆಟ ತಯಾರಿಸುವವರಿಗೆ ಕಲ್ಪನೆಯ ಪ್ರಾಣಿಗಳನ್ನು ಬರೆದುಕೊಡುವುದನ್ನೂ ಮಾಡುತ್ತಿದ್ದೇನೆ. ಎರಡು ಕಡೆಯೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಏನು ತಿಂದಿದೆ?

ಆ ಪ್ರಶ್ನೆ ಇಟ್ಟುಕೊಂಡು ನಿಮ್ಮ ಪಟ್ಟಿ ಎಣಿಸಿದೆ. 64ರಲ್ಲಿ 52 ಮಾಂಸ ತಿನ್ನುವವು. 9 ಏನು ತಿನ್ನುತ್ತವೆ ಅಂತ ಬರೆದೇ ಇಲ್ಲ. ಹುಲ್ಲು ಸೊಪ್ಪು ಮೇಯುವವು ಮೂರೇ ಮೂರು, ಅದರಲ್ಲಿ ಎರಡು ಕುದುರೆ. ಇಷ್ಟು ಬೇಟೆಗಾರ ಪ್ರಾಣಿಗಳು ಒಂದೇ ಸೀಮೆಯಲ್ಲಿ ಯಾರನ್ನು ತಿಂದು ಬದುಕಿವೆ? ನಿಮ್ಮ ಆಟಗಾರರನ್ನೇ. ಅವರು ಬರುವವರೆಗೆ ಕತ್ತಲಲ್ಲಿ ಸುಮ್ನೆ ಕಾಯುತ್ತಾ ನಿಂತಿರುತ್ತವೆ. ಅವರು ಬಂದ ತಕ್ಷಣ ಮೇಲೆ ಬೀಳುತ್ತವೆ, ಸಾಯುತ್ತವೆ. ಅವುಗಳಿಗೆ ನಿನ್ನೆ ಇಲ್ಲ, ನಾಳೆ ಇಲ್ಲ. ಅಂಥದ್ದರ ಎದುರು ನಿಂತವರು ಹೆಚ್‌ಪಿ ಬಿಟ್ಟು ಇನ್ನೇನು ಕೇಳಬೇಕು ಹೇಳಿ?

ನೀವು ಕೇಳಿರುವುದರಲ್ಲಿ ಬೇರೆ ಬೇರೆ ವಿಷಯಗಳು ಸಿಕ್ಕುಬಿದ್ದಿವೆ. ಪ್ರಾಣಿಗಳಿಂದ ಭಯ ಹುಟ್ಟುತ್ತಿಲ್ಲ ಅನ್ನುವುದು ಒಂದು. ವಿಜ್ಞಾನ ಬೇಕಾ ಬೇಡವಾ ಅನ್ನುವ ಜಗಳ ಇನ್ನೊಂದು. ಚೇಳಿನ ವಿಷಯ, ಮತ್ತೆ ಹೊರಟುಹೋದ ಗೆಳೆಯನ 11 ಪ್ರಾಣಿಗಳ ವಿಷಯ, ಇವೆರಡೂ ಮನಸ್ಸಿಗೆ ಸಂಬಂಧಿಸಿದ್ದು. ಅವನ್ನು ಆಮೇಲೆ ನೋಡೋಣ. ಮೊದಲು ಭಯದ ವಿಷಯ ಬಿಡಿಸಿಕೊಳ್ಳೋಣ.

ಶಕ್ತಿ ಜಾಸ್ತಿ ಕೊಟ್ಟರೆ ಭಯ ಜಾಸ್ತಿ ಆಗುತ್ತೆ ಅಂತ ಹೆಚ್ಚಿನವರು ನಂಬಿದ್ದಾರೆ. ಹಾಗಾಗುವುದಿಲ್ಲ. ಈ ಬಗೆಯ ಆಟಗಳಿಗೆಲ್ಲ ದಾರಿ ತೋರಿಸಿದ್ದು 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದರ ಶುರುವಿನ ದಿನಗಳಲ್ಲಿ ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಒಂದು ಪ್ಯಾಕೆಟ್ ಕೊಂಡು ತಂದಿದ್ದರು. ಹಾಂಗ್‌ಕಾಂಗ್‌ನಲ್ಲಿ ಮಾಡಿದವು. ಯಾವ ಪ್ರಾಣಿ ಅಂತ ಹೇಳಲು ಆಗದ ವಿಚಿತ್ರ ಆಕಾರಗಳು. ಅವಕ್ಕೆ ಒಂದೊಂದು ಹೆಸರು, ಒಂದೊಂದು ಬದುಕು ಕೊಟ್ಟು ಆಟಕ್ಕೆ ಬಿಟ್ಟರು. ಅದರಲ್ಲಿ ಒಂದು ರಸ್ಟ್ ಮಾನ್ಸ್ಟರ್. ಅದು ತಿನ್ನುವುದು ಕಬ್ಬಿಣ. ಮುಟ್ಟಿದರೆ ಸಾಕು, ಕತ್ತಿ, ಕವಚ ಎಲ್ಲ ತುಕ್ಕಾಗಿ ಉದುರುತ್ತವೆ. ಮನುಷ್ಯರ ಮಾಂಸ ಅದಕ್ಕೆ ಬೇಕಾಗೇ ಇಲ್ಲ. ಆದರೂ ಆಟಗಾರರು ದೊಡ್ಡ ದೊಡ್ಡ ರಾಕ್ಷಸರ ಎದುರು ನಿಲ್ಲುತ್ತಾರೆ, ಇದನ್ನು ಕಂಡರೆ ಓಡುತ್ತಾರೆ. ಐವತ್ತು ವರ್ಷ ಆದರೂ ಆ ಪ್ರಾಣಿ ಬದುಕಿದೆ. ಅದಕ್ಕೆ ಶಕ್ತಿಗಿಂತ ಮೊದಲು ಹಸಿವು ಕೊಟ್ಟಿದ್ದರು, ಅಷ್ಟೇ.

ನಿಜವಾದ ಭಯ ಹೇಗಿರುತ್ತದೆ ಅನ್ನುವುದಕ್ಕೆ ನಾನು ಕಂಡ ಒಂದು ಬೆಳಗನ್ನು ಹೇಳುತ್ತೇನೆ. ಮಧುಗಿರಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು, ಕುರಿ ರೊಪ್ಪಕ್ಕೆ ಏನೋ ನುಗ್ಗಿದೆ ಅಂತ. ಹೋದೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಮುಳ್ಳುಬೇಲಿಯ ಒಂದು ಕಡೆ ಕುರಿಯ ಉಣ್ಣೆ ಸಿಕ್ಕಿಕೊಂಡು ಗಾಳಿಗೆ ಅಲುಗಾಡುತ್ತಿತ್ತು. ಉಳಿದ ಕುರಿಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ. ಕುರಿ ಕಾಯುವ ಅಜ್ಜ ‘ದೊಡ್ಡದು ಬಂದಿತ್ತು ಸ್ವಾಮಿ’ ಅಂದರು. ಹೆಸರು ಹೇಳಲಿಲ್ಲ. ನಾನು ಸತ್ತ ಕುರಿಯ ಪಕ್ಕ ಕೂತು ಕತ್ತಿನ ಉಣ್ಣೆ ಬಿಡಿಸಿ ನೋಡಿದೆ. ಗಂಟಲ ಹತ್ತಿರ ನಾಲ್ಕು ತೂತು, ಚೊಕ್ಕವಾಗಿ. ನಾಯಿಗಳಾಗಿದ್ದರೆ ಹಿಂದಿನ ತೊಡೆ, ಹೊಟ್ಟೆ ಹರಿದುಹೋಗಿರುತ್ತಿತ್ತು. ನಾಲ್ಕೈದು ಕುರಿಗಳಿಗಾದರೂ ಬಾಯಿ ಹಾಕಿರುತ್ತಿದ್ದವು. ಇದು ಚಿರತೆ. ಒಂದನ್ನೇ ಆರಿಸಿ, ಗಂಟಲು ಹಿಡಿದು, ಸದ್ದಿಲ್ಲದೆ ಮುಗಿಸಿತ್ತು.

ಚಿರತೆಯನ್ನು ಅಲ್ಲಿ ಯಾರೂ ನೋಡಿರಲಿಲ್ಲ. ನಾನೂ ನೋಡಲಿಲ್ಲ. ಆದರೆ ಆವತ್ತು ಸಂಜೆ ಆರಕ್ಕೇ ಆ ಊರಿನ ಮಕ್ಕಳೆಲ್ಲ ಮನೆಯೊಳಗಿದ್ದರು.

ನಿಮ್ಮ ಆಟದಲ್ಲಿ ಪ್ರಾಣಿಗಳು ಬರುವುದೇ ಎದುರಿನಿಂದ. ಗುಹೆಯ ಬಾಗಿಲು ತೆಗೆದರೆ ನಿಂತಿರುತ್ತವೆ. ಬದಲಿಗೆ ಉಣ್ಣೆ ಮೊದಲು ಬರಲಿ, ಹೆಜ್ಜೆ ಬರಲಿ, ವಾಸನೆ ಬರಲಿ. ಊರಿನವರು ಒಂದು ದಾರಿಯನ್ನು ಯಾಕೆ ಬಿಟ್ಟಿದ್ದಾರೆ ಅನ್ನುವುದು ಬರಲಿ. ಪ್ರಾಣಿ ಮೂರನೇ ಸೆಷನ್ನಿಗೆ ಕಾಣಿಸಿದರೆ ಸಾಕು. ಆದರೆ ನೀವು ಗುರುತು ಬಿಡಬೇಕಾದರೆ ಅದು ಏನು ತಿನ್ನುತ್ತೆ, ಹೇಗೆ ತಿನ್ನುತ್ತೆ ಅನ್ನುವುದು ನಿಮಗೆ ಗೊತ್ತಿರಬೇಕು. ನೋಡಿ, ಮತ್ತೆ ಅಲ್ಲಿಗೇ ಬಂದೆವು.

ಇನ್ನು ವಿಜ್ಞಾನದ ಜಗಳ. ನಿಮ್ಮ ಇಬ್ಬರು ಗೆಳೆಯರೂ ಅರ್ಧ ಅರ್ಧ ಸರಿ.

ಪ್ರಾಣಿ ಬದುಕಲ್ಲ ಅನ್ನುವವರು ಹೇಳುತ್ತಿರುವುದು ತೂಕದ ಲೆಕ್ಕ ಇರಬೇಕು. ಅದನ್ನು 1638ರಲ್ಲೇ ಗೆಲಿಲಿಯೋ ಬರೆದಿಟ್ಟಿದ್ದಾನೆ. ಪ್ರಾಣಿಯ ಉದ್ದ, ಅಗಲ, ಎತ್ತರ ಎಲ್ಲ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಆದರೆ ಆ ತೂಕ ಹೊರುವ ಮೂಳೆಯನ್ನು ಅಡ್ಡ ಕೊಯ್ದರೆ ಕಾಣುವ ಭಾಗದ ವಿಸ್ತೀರ್ಣ ನಾಲ್ಕೇ ಪಟ್ಟು. ಅದಕ್ಕೇ ಆನೆಯ ಕಾಲು ಕಂಬದ ಹಾಗಿದೆ, ಜಿಂಕೆಯ ಕಾಲು ಕಡ್ಡಿಯ ಹಾಗಿದೆ. ಹಾರುವುದಕ್ಕೂ ಇದೇ ಕಷ್ಟ. ಡೈನೋಸಾರ್‌ಗಳ ಕಾಲದಲ್ಲಿದ್ದ ಕೆಟ್ಜಲ್‌ಕೊವಾಟ್ಲಸ್ ಅನ್ನುವ ಹಾರುವ ಸರೀಸೃಪದ ರೆಕ್ಕೆಗಳ ಅಗಲ ಹತ್ತು ಮೀಟರಿನಷ್ಟಿತ್ತು. ಅದರ ತೂಕವನ್ನು 200ರಿಂದ 250 ಕಿಲೋ ಅಂತ ಅಂದಾಜು ಮಾಡುತ್ತಾರೆ. ನಮ್ಮ ಆನೆ ನಾಲ್ಕು ಸಾವಿರ ಕಿಲೋ. ಇನ್ನೊಂದು ತೊಡಕೂ ಇದೆ. ಬೆನ್ನುಮೂಳೆ ಇರುವ ನೆಲದ ಪ್ರಾಣಿಗಳಿಗೆ ನಾಲ್ಕೇ ಅಂಗ. ಹಕ್ಕಿ, ಬಾವಲಿ ಮುಂಗಾಲನ್ನೇ ರೆಕ್ಕೆ ಮಾಡಿಕೊಂಡಿವೆ. ನಾಲ್ಕು ಕಾಲೂ ಇದ್ದು, ಮೇಲೆ ಎರಡು ರೆಕ್ಕೆಯೂ ಬೇಕು ಅಂದರೆ ಆರಾಯಿತು. ಆದರೆ ಮಲೆನಾಡಿನ ಹಾರುವ ಓತಿ ಈ ಲೆಕ್ಕವನ್ನು ಎಷ್ಟು ಜಾಣತನದಿಂದ ದಾಟಿದೆ ನೋಡಿ. ನಾಲ್ಕು ಕಾಲು ಹಾಗೇ ಇಟ್ಟುಕೊಂಡು, ಪಕ್ಕೆಲುಬುಗಳನ್ನು ಉದ್ದ ಮಾಡಿ, ಅವುಗಳ ನಡುವೆ ಚರ್ಮ ಬಿಗಿದು ಮರದಿಂದ ಮರಕ್ಕೆ ತೇಲುತ್ತದೆ.

ಹಾಗಂತ ಎಲ್ಲ ಪ್ರಾಣಿಯೂ ಪರೀಕ್ಷೆ ಪಾಸಾಗಬೇಕು ಅಂತ ನಾನು ಹೇಳಲಾರೆ. ಆಸ್ಟ್ರೇಲಿಯಾದ ಪ್ಲಾಟಿಪಸ್‌ನ ಚರ್ಮವನ್ನು 1799ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ವಿವರಿಸಿದ ಜಾರ್ಜ್ ಶಾಗೆ ಇದು ಯಾರೋ ಮಾಡಿದ ಮೋಸ ಇರಬಹುದು ಅಂತ ಅನುಮಾನ ಬಂದಿತ್ತು. ಬಾತುಕೋಳಿಯ ಕೊಕ್ಕು, ತುಪ್ಪಳದ ಮೈ. ಆಮೇಲೆ ಗೊತ್ತಾಯಿತು, ಅದು ಮೊಟ್ಟೆಯನ್ನೂ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ. ನಿಜವಾದ ಪ್ರಾಣಿಯೇ ಹೀಗಿರುವಾಗ ಕಲ್ಪನೆಗೆ ಬೇಲಿ ಹಾಕುವುದು ಬೇಡ. ಮಾಯೆ ಇರಲಿ. ಆದರೆ ಮಾಯೆಗೂ ಒಂದು ಬೆಲೆ ಇರಲಿ, ಇವತ್ತು ಇದ್ದ ಹಾಗೆ ನಾಳೆಯೂ ಇರಲಿ. ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಬೇಕಾದಾಗ ಬೆಂಕಿ ಬಂದು, ಬೇಡವಾದಾಗ ಬರದೇ ಇದ್ದರೆ ಆಟಗಾರರು ಯೋಚನೆ ಮಾಡುವುದನ್ನೇ ಬಿಡುತ್ತಾರೆ. ಯೋಚನೆ ಮಾಡಿ ಗೆಲ್ಲುವುದಕ್ಕೆ ಅಲ್ಲಿ ಏನೂ ಇರುವುದಿಲ್ಲವಲ್ಲ.

ನಿಮ್ಮ ಬೆಂಕಿಯಾಳಿಯ ಹಾಗೆ ಬೇರೆ ಬೇರೆ ಪ್ರಾಣಿಗಳ ಬಿಡಿ ಭಾಗ ಜೋಡಿಸಿ ಹೊಸ ಪ್ರಾಣಿ ಮಾಡುವುದರ ಬಗ್ಗೆಯೂ ಹೇಳಬೇಕು. ನಮ್ಮ ಶಿಲ್ಪಿಗಳೂ ಜೋಡಿಸಿದ್ದಾರೆ. ಯಾಳಿ ಇದೆ, ಮಕರ ಇದೆ, ಎರಡು ತಲೆಯ ಗಂಡಭೇರುಂಡ ಇದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಒಂದು ಕೆತ್ತನೆ ಇದೆ. ಆನೆಯ ಮೇಲೆ ಸಿಂಹ ಬೀಳುತ್ತದೆ. ಸಿಂಹವನ್ನು ಶರಭ ಹಿಡಿಯುತ್ತದೆ. ಶರಭವನ್ನು ಗಂಡಭೇರುಂಡ ಹಿಡಿಯುತ್ತದೆ. ಕೆಳಗಿನ ಎರಡು ನಾವು ಬಲ್ಲ ಪ್ರಾಣಿಗಳು, ಮೇಲಿನ ಎರಡು ಕಲ್ಪನೆಯವು. ಆನೆಯ ಬಲ ನಮಗೆ ಗೊತ್ತು. ಅದಕ್ಕೇ ಸಿಂಹದ ಬಲ ಗೊತ್ತಾಗುತ್ತದೆ, ಸಿಂಹದಿಂದ ಶರಭದ್ದು. ಒಂದೂ ಅಂಕಿ ಬರೆಯದೆ ಆ ಶಿಲ್ಪಿ ಗಂಡಭೇರುಂಡದ ಹೆಚ್‌ಪಿ ಹೇಳಿಬಿಟ್ಟಿದ್ದಾನೆ. ನಿಮ್ಮ 52 ಬೇಟೆಗಾರರ ಕೆಳಗೆ ಅಂಥ ಆನೆ ಇಲ್ಲ, ಜಿಂಕೆ ಇಲ್ಲ. ಮೊದಲು ಅವನ್ನು ಬರೆಯಿರಿ. ಒಂದು ಹುಲಿ ನೆಮ್ಮದಿಯಾಗಿ ಬದುಕಬೇಕಾದರೆ ಜಿಂಕೆ, ಕಡವೆಯಂಥ ಸುಮಾರು 500 ಪ್ರಾಣಿಗಳಿರುವ ಕಾಡು ಬೇಕು ಅನ್ನುತ್ತಾರೆ ಹುಲಿ ಬಲ್ಲವರು. ಈ ಲೆಕ್ಕವನ್ನು ನಿಮ್ಮ ಏಳು ಬೆಟ್ಟಕ್ಕೆ ಹಾಕಿ ನೋಡಿ. ದೊಡ್ಡ ಬೇಟೆಗಾರ ಪ್ರಾಣಿ ಎರಡೋ ಮೂರೋ ಉಳಿಯುತ್ತವೆ. ಉಳಿದವನ್ನು ಅಳಿಸಬೇಕಿಲ್ಲ, ಗಾತ್ರ ಇಳಿಸಿ. ಹೆಗ್ಗಣದಷ್ಟು ಮಾಡಿ. ಹುಳ ತಿನ್ನಲಿ, ಜೇನು ತಿನ್ನಲಿ, ಸತ್ತದ್ದನ್ನು ತಿನ್ನಲಿ.

ಈಗ ನಿಮ್ಮ ಬೆಂಕಿಯಾಳಿಗೆ ಬರೋಣ. ಅದನ್ನು ಮತ್ತೆ ಹುಟ್ಟಿಸಬಹುದು ಅಂತ ನನಗೆ ಆಸೆ ಇದೆ.

ನಾನು ಕೇಳುವುದು ಇಷ್ಟೇ: ಬೆಂಕಿ ಎಲ್ಲಿಂದ ಬಂತು? ಬೆಂಕಿ ಅಂದ ತಕ್ಷಣ ಎಲ್ಲರೂ ಸಿಂಹದ ಕಡೆ ಓಡುತ್ತಾರೆ. ನಾನು ಹಸುವಿನ ಕಡೆ ನೋಡುತ್ತೇನೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಭಾಗ. ಮೊದಲನೆಯದು ದೊಡ್ಡ ಹಸುವಿನಲ್ಲಿ ನೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಅಲ್ಲಿ ಹುಲ್ಲು ಸೂಕ್ಷ್ಮಜೀವಿಗಳ ಕೈಯಲ್ಲಿ ಹುಳಿಯುತ್ತದೆ, ಗ್ಯಾಸ್ ಆಗುತ್ತದೆ. ಒಂದು ಹಸು ದಿನಕ್ಕೆ 250ರಿಂದ 500 ಲೀಟರ್ ಮೀಥೇನ್ ತೇಗಿ ಹೊರಹಾಕುತ್ತದೆ. ಮೀಥೇನ್ ಅಂದರೆ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುತ್ತದಲ್ಲ, ಅದೇ.

ಮಳೆ ಬಿದ್ದ ಮೇಲೆ ಎಳೆ ಕುದುರೆಮಸಾಲೆ ಸೊಪ್ಪಿಗೆ ಹಸು ನುಗ್ಗಿ ಹೊಟ್ಟೆತುಂಬ ತಿಂದರೆ ಏನಾಗುತ್ತೆ ಅಂತ ನಿಮ್ಮ ಕಡೆಯ ರೈತರನ್ನು ಕೇಳಿ. ಹೊಟ್ಟೆ ಉಬ್ಬರ. ಗ್ಯಾಸು ನೊರೆಯೊಳಗೆ ಸಿಕ್ಕಿಕೊಳ್ಳುತ್ತದೆ, ತೇಗಲು ಆಗುವುದಿಲ್ಲ. ಎಡಗಡೆಯ ಪಕ್ಕೆ ಬೆನ್ನಿನ ಮಟ್ಟಕ್ಕೆ ಏಳುತ್ತದೆ. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು. ಹಸು ನಾಲಗೆ ಹೊರಹಾಕಿ ಏದುಸಿರು ಬಿಡುತ್ತದೆ. ಬೇಗ ಸಿಕ್ಕಿದರೆ ಕಡಲೆಕಾಯಿ ಎಣ್ಣೆ ಕುಡಿಸಿ ನೊರೆ ಒಡೆಯುತ್ತೇವೆ. ಕೈಮೀರಿದರೆ ಟ್ರೋಕಾರ್ ಅನ್ನುವ ದಪ್ಪ ಸೂಜಿಯನ್ನು ಪಕ್ಕೆಗೆ ಚುಚ್ಚಿ ಗ್ಯಾಸ್ ಬಿಡಬೇಕಾಗುತ್ತದೆ. ಬುಸ್ ಅಂತ ಬರುತ್ತದೆ. ಸುತ್ತ ಜನ ಸೇರಿರುತ್ತಾರೆ. ಆಗ ನಾನು ಮೊದಲು ಹೇಳುವ ಮಾತು: ‘ಯಾರೂ ಬೀಡಿ ಹಚ್ಚಬೇಡಿ.’

ಬೆಂಕಿಯಾಳಿ ಅಲ್ಲೇ ಇದೆ. ಅದು ಮಾಂಸ ತಿನ್ನುವ ಪ್ರಾಣಿಯೇ ಅಲ್ಲ. ಹುಲ್ಲು ಮೇಯುತ್ತದೆ. ಆನೆ ಗಾತ್ರ ಬೇಡ, ಎಮ್ಮೆ ಗಾತ್ರ ಸಾಕು. ರೆಕ್ಕೆ ತೆಗೆಯಿರಿ. ನಿಮಗೆ ರೆಕ್ಕೆಯ ಮೇಲೆ ತುಂಬಾ ಪ್ರೀತಿ ಇದ್ದರೆ ಹಾರುವ ಓತಿಯ ಹಾಗೆ ಪಕ್ಕೆಲುಬಿಗೆ ಚರ್ಮ ಕೊಡಿ. ಹಾರುವುದಕ್ಕಲ್ಲ. ಹೊಟ್ಟೆ ಉಬ್ಬಿದಾಗ ಅದು ಬಿಚ್ಚಿಕೊಂಡು ದೊಡ್ಡದಾಗಿ ಕಾಣಲಿ. ಕಿಡಿ ಎಲ್ಲಿಂದ? ಇಲಿಯ ಮುಂದಿನ ಹಲ್ಲು ಹಳದಿ ಬಣ್ಣಕ್ಕಿರುವುದು ನೋಡಿದ್ದೀರಾ? ಆ ಹಲ್ಲಿನ ಮೇಲ್ಪದರದಲ್ಲಿ ಕಬ್ಬಿಣದ ಅಂಶ ಇದೆ. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ, ಗಟ್ಟಿ ಒಸಡು ಅಷ್ಟೇ. ಇವೆರಡನ್ನೂ ಸೇರಿಸಿ. ಬೆಂಕಿಯಾಳಿಯ ಕೆಳಹಲ್ಲಿನಲ್ಲಿ ಕಬ್ಬಿಣ ಹೆಚ್ಚಿದೆ. ಮೇಲಿನ ಒಸಡಿನ ಸಂದಿಯಲ್ಲಿ ಅದು ಚಕಮಕಿ ಕಲ್ಲಿನ ಚೂರು ಕಚ್ಚಿಟ್ಟುಕೊಳ್ಳುತ್ತದೆ. ಹಲ್ಲು ಕಡಿದರೆ ಕಿಡಿ. ಇಲ್ಲಿಂದ ಮುಂದೆ ಮಾಯೆ ನೋಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ.

ಈಗ ಆಟದಲ್ಲಿ ಏನಾಗುತ್ತೆ ನೋಡಿ. ಮಳೆಗಾಲ ಮುಗಿದು ಕೆರೆಯಂಗಳದಲ್ಲಿ ಹಸಿರು ಎದ್ದಾಗ ಬೆಂಕಿಯಾಳಿ ಬಲು ಅಪಾಯ. ಬೇಸಿಗೆಯಲ್ಲಿ ಒಣ ಕಡ್ಡಿ ತಿಂದು ಬಡಕಲಾದಾಗ ಹೊಗೆಯೂ ಬರುವುದಿಲ್ಲ. ಹಾಗಾಗಿ ಆಟಗಾರರು ಪ್ರಾಣಿಯನ್ನು ನೋಡುವ ಮೊದಲು ಹುಲ್ಲು ನೋಡುತ್ತಾರೆ. ಎಡಪಕ್ಕೆ ಎಷ್ಟು ಉಬ್ಬಿದೆ ನೋಡುತ್ತಾರೆ. ಚಕಮಕಿ ಕಲ್ಲಿರುವ ಬೆಟ್ಟ ಯಾವುದು ಅಂತ ಕೇಳುತ್ತಾರೆ. ಒಂದು ಸಲ ಹೀಗೂ ಆಗಲಿ: ಕೆರೆಯ ಏರಿಯ ಕೆಳಗೆ ಒಂದು ಬೆಂಕಿಯಾಳಿ ಉಬ್ಬರ ಬಂದು ಬಿದ್ದಿದೆ. ಪಕ್ಕದಲ್ಲೇ ಹುಲ್ಲಿನ ಬಣವೆಗಳು, ಅದರಾಚೆ ಊರು. ಕೊಂದರೆ ಗ್ಯಾಸೆಲ್ಲ ಒಮ್ಮೆಗೇ ಹೊರಬರುತ್ತದೆ. ಬಿಟ್ಟರೆ ಪ್ರಾಣಿ ಸಾಯುತ್ತದೆ, ಆಗಲೂ ಅಪಾಯವೇ. ಯಾರಾದರೂ ಹತ್ತಿರ ಹೋಗಿ ಬಾಯಿ ತೆರೆಸಿ ಎಣ್ಣೆ ಹೊಯ್ಯಬೇಕು. ಆ ಭಾನುವಾರ ಯಾರೂ ನಿಮ್ಮನ್ನು ಹೆಚ್‌ಪಿ ಕೇಳುವುದಿಲ್ಲ, ನೋಡಿ ಬೇಕಾದರೆ.

ಇದರಲ್ಲಿ ಅಪಾಯವೂ ಇದೆ. ವಿವರ ಬರೆಯುವುದಕ್ಕೆ ಕೂತರೆ ನಿಲ್ಲಿಸುವುದು ಕಷ್ಟ. ನಾನೇ ಒಂದು ಪ್ರಾಣಿಗೆ ಹದಿನಾಲ್ಕು ಪುಟ ಬರೆದುಕೊಟ್ಟಿದ್ದೆ. ಆಡುವಾಗ ಅದರಲ್ಲಿ ಎರಡು ಸಾಲು ಬಳಕೆಯಾಯಿತು. ಆಟಗಾರರ ಕಣ್ಣಿಗೆ, ಕಿವಿಗೆ, ಮೂಗಿಗೆ ತಲುಪದ ವಿವರ ಬೇಡ. ಒಂದು ಪ್ರಾಣಿಗೆ ಅರ್ಧ ಪುಟ ಸಾಕು. ಏನು ತಿನ್ನುತ್ತೆ, ಯಾರಿಗೆ ಹೆದರುತ್ತೆ, ಎಲ್ಲಿ ಮಲಗುತ್ತೆ, ಏನು ಗುರುತು ಬಿಡುತ್ತೆ. ಮತ್ತೆ, ಊರಿನವರು ಅದರ ಬಗ್ಗೆ ಏನು ಹೇಳುತ್ತಾರೆ.

ಈ ಕೊನೆಯದನ್ನು ಪಕ್ಕಕ್ಕೆ ಬೇರೆಯಾಗಿ ಬರೆಯಿರಿ. ಯಾಕೆ ಅಂದರೆ ಊರ ಮಾತು ಮತ್ತು ಪ್ರಾಣಿ ಎರಡೂ ಒಂದೇ ಆಗಿರಬೇಕಿಲ್ಲ. ತುಮಕೂರಿನ ಹತ್ತಿರ ನಾಗವಲ್ಲಿ ಕಡೆ ಕಾಡುಪಾಪ ಇದೆ. ಅಂಗೈಯಲ್ಲಿ ಹಿಡಿಸುವಂಥ ಪ್ರಾಣಿ. ರಾತ್ರಿ ಹೊತ್ತು ಹುಳ ಹುಪ್ಪಟೆ ಹುಡುಕಿ ತಿನ್ನುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಆದರೆ ಆ ದೊಡ್ಡ ಕಣ್ಣು ನೋಡಿ ಜನ ಅದಕ್ಕೆ ಅಪಶಕುನ, ಮಾಟ ಎಲ್ಲ ಅಂಟಿಸಿದ್ದಾರೆ. ಅದರಿಂದ ಪಾಪ ಎಷ್ಟೋ ಜೀವಗಳು ಹೋಗಿವೆ. ನಿಮ್ಮ ಲೋಕದಲ್ಲೂ ಅಂಥದ್ದೊಂದು ಇರಲಿ. ಊರೆಲ್ಲ ಹೆದರುವ ಪ್ರಾಣಿ, ಹತ್ತಿರ ಹೋದರೆ ಬರೀ ಎರಡು ಕಣ್ಣು. ಹಾಗೆಯೇ ಒಂದೇ ಒಂದು ಜಾಗದಲ್ಲಿರುವ ಪ್ರಾಣಿಯನ್ನೂ ಇಡಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಒಂದು ಗುಹೆ ಇದೆ. ಎಲೆಮೂಗಿನ ಒಂದು ಜಾತಿಯ ಬಾವಲಿ ಇಡೀ ಪ್ರಪಂಚದಲ್ಲಿ ಈಗ ಅಲ್ಲಿ ಮಾತ್ರ ಉಳಿದಿದೆ. ಸುತ್ತ ಕಲ್ಲು ಗಣಿಗಾರಿಕೆಯ ಕಾಟವೂ ಇತ್ತು. ನಿಮ್ಮ ಕೋಲಾರದ ಗೆಳೆಯನಿಗೆ ಇದು ಗೊತ್ತಿರಬಹುದು. ಕೊಲ್ಲುವುದಕ್ಕಿಂತ ಉಳಿಸುವುದೇ ಕಷ್ಟ ಆಗುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಬೀಜ ನನಗೆ ಹೊಳೆಯುತ್ತಿಲ್ಲ.

ಹೆಸರುಗಳ ಬಗ್ಗೆ ಎರಡು ಮಾತು. ನಿಮ್ಮ ಪಟ್ಟಿಯಲ್ಲಿ ‘ಜ್ವಾಲಾಸುರ’, ‘ತಮೋವ್ಯಾಘ್ರ’ ಥರದವು ಬಹಳ. ಹಳ್ಳಿಯ ಜನ ಪ್ರಾಣಿಗೆ ಹಾಗೆ ಹೆಸರಿಡುವುದಿಲ್ಲ. ಕಂಡದ್ದನ್ನು ಹೇಳುತ್ತಾರೆ: ಮುಳ್ಳುಹಂದಿ, ಚಿಪ್ಪುಹಂದಿ, ಮರಕುಟಿಕ, ಹೆಜ್ಜೇನು, ಸೀಳುನಾಯಿ. ತುಂಬಾ ಹೆದರಿಕೆ ಇದ್ದರೆ ಹೆಸರೇ ಹೇಳುವುದಿಲ್ಲ. ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’ ಅನ್ನುತ್ತಾರೆ. ಆ ಅಜ್ಜ ‘ದೊಡ್ಡದು’ ಅಂದರಲ್ಲ, ಹಾಗೆ. ನಿಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ. ಈಚೆ ಊರಿನಲ್ಲಿ ಕರಡಿ ಅಂದರೆ ಆಚೆ ಊರಿನಲ್ಲಿ ಎಲುಗುಬಂಟಿ. ನಿಮ್ಮ ಪ್ರಾಣಿಗೂ ಬೆಟ್ಟದ ಈ ಕಡೆ ಒಂದು ಹೆಸರು, ಆ ಕಡೆ ಒಂದು ಹೆಸರು ಇಡಿ. ಎರಡೂ ಒಂದೇ ಪ್ರಾಣಿ ಅಂತ ಗೊತ್ತಾಗುವುದಕ್ಕೇ ಆಟಗಾರರಿಗೆ ಒಂದು ತಿಂಗಳು ಹಿಡಿಯಲಿ.

ಚೇಳಿನ ವಿಷಯ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳಿನ ಕಾಟ ಇರುವುದಿಲ್ಲ ಅನ್ನುವುದು ಜನರ ನಂಬಿಕೆ. ನಿಮ್ಮ ಗೆಳೆಯ ಚಿಕ್ಕಂದಿನಿಂದ ಕೈ ಮುಗಿದಿರುವ ರೂಪ ಅದು. ‘ಬರೀ ಆಟ ಕಣೋ’ ಅಂತ ತಳ್ಳಿಹಾಕಬೇಡಿ. ಹಾಗಂತ ನಮ್ಮ ಪುರಾಣ, ಗುಡಿ, ಕತೆ ಯಾವುದನ್ನೂ ಮುಟ್ಟಲೇಬಾರದು ಅಂತಲೂ ಇಲ್ಲ. ಯಾಳಿ, ಶರಭ, ಮಕರ ಇವನ್ನೆಲ್ಲ ಬಿಟ್ಟುಕೊಟ್ಟು ಹೊರಗಿನ ಡ್ರ್ಯಾಗನ್ ಹಿಂದೆ ಹೋದರೆ ನನಗೆ ನಿಜವಾಗಿ ನೋವಾಗುತ್ತದೆ. ನಾನು ಇಟ್ಟುಕೊಂಡಿರುವ ಗೆರೆ ಇದು. ಇವತ್ತಿಗೂ ಪೂಜೆ ಇರುವ ದೇವರ ಹೆಸರು, ರೂಪವನ್ನು ಕೊಲ್ಲುವ ಪ್ರಾಣಿ ಮಾಡುವುದಿಲ್ಲ. ಚೇಳು ಚೇಳಾಗಿಯೇ ಇರಲಿ, ಎಷ್ಟು ದೊಡ್ಡದಾದರೂ ಇರಲಿ. ದೇವಿಯನ್ನು ದೂರ ಇಡಿ. ಆ ಗೆಳೆಯನ ಕೈಗೇ ಚೇಳನ್ನು ಕೊಡಿ, ಅವನೇ ಮತ್ತೆ ಬರೆಯಲಿ. ಹೊಸ ಪ್ರಾಣಿ ಆಟಕ್ಕೆ ಬರುವ ಮೊದಲು ಎಲ್ಲರನ್ನೂ ಒಂದು ಮಾತು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಕೆಲವರಿಗೆ ನಂಬಿಕೆಯ ವಿಷಯ, ಇನ್ನು ಕೆಲವರಿಗೆ ಹಾವು, ಜೇಡ ಕಂಡರೆ ಮೈ ನಡುಗುತ್ತದೆ.

ಕೊನೆಗೆ, ಹೊರಟುಹೋದ ಗೆಳೆಯನ 11 ಪ್ರಾಣಿಗಳು. ಇಲ್ಲಿ ನನ್ನದೇ ಒಂದು ಗಾಯ ಇದೆ. ಹಿಂದೆ ಒಂದು ಕಡೆಗೆ ನಾನು ಬರೆದುಕೊಟ್ಟ ಪ್ರಾಣಿಯೊಂದು ಬೇರೆಯವರ ಹೆಸರಿನಲ್ಲಿ ಹೊರಬಂತು. ಮಾತಿನಲ್ಲೇ ಎಲ್ಲ ಆಗಿತ್ತು. ಕಾಗದದಲ್ಲಿ ಏನೂ ಇರಲಿಲ್ಲ. ಹಾಗಾಗಿ ನಿಮ್ಮ ಗೆಳೆಯನ ಸಿಟ್ಟು ನನಗೆ ಅರ್ಥವಾಗುತ್ತದೆ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಬರೀ ಐಡಿಯಾಗೆ ರಕ್ಷಣೆ ಕೊಡುವುದಿಲ್ಲ. ಹುಲ್ಲು ತಿಂದು ಬೆಂಕಿ ಉಗುಳುವ ಪ್ರಾಣಿ ಅನ್ನುವ ಯೋಚನೆ ಯಾರದ್ದೂ ಅಲ್ಲ. ಆದರೆ ಅದನ್ನು ಬರೆದ ಬರಹ, ಬಿಡಿಸಿದ ಚಿತ್ರ ಬರೆದವರದ್ದು, ಬಿಡಿಸಿದವರದ್ದು. ಅವರ ಜೀವನ ಪೂರ್ತಿ, ಆಮೇಲೆ 60 ವರ್ಷ. ಯಾರ ಭಾಗ ಯಾವುದು ಅಂತ ಬೇರ್ಪಡಿಸಲು ಆಗದ ಹಾಗೆ ನಾಲ್ಕು ಜನ ಸೇರಿ ಬರೆದಿದ್ದರೆ ಅದು ಜಂಟಿ ಕೃತಿ. ನೀವು ಮನೆಯಲ್ಲಿ ಕೂತು ಆಡುವವರೆಗೆ ಇದು ಕೋರ್ಟಿನ ವಿಷಯವಲ್ಲ, ಸ್ನೇಹದ ವಿಷಯ. ಮುಂದೆ ಯಾವತ್ತಾದರೂ ಪುಸ್ತಕ ಮಾಡುವುದು, ಮಾರುವುದು ಅಂತಿದ್ದರೆ ವಕೀಲರನ್ನು ಕಂಡು ಬರವಣಿಗೆಯಲ್ಲಿ ಮಾಡಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಹೊರಗಿನ ಆಟಗಳಿಂದ ಹಾಗೇ ಎತ್ತಿದ ನಾಲ್ಕು ಪ್ರಾಣಿಗಳಿವೆ. ಅವನ್ನೂ ಆಗ ತೆಗೆಯಬೇಕಾಗಬಹುದು.

ಈಗ ಮಾಡಬಹುದಾದದ್ದು ಏನು? ಹನ್ನೊಂದನ್ನೂ ಅಳಿಸಬಹುದು. ಜಗಳ ತಣ್ಣಗಾಗುತ್ತದೆ. ಆದರೆ ಮೂರು ವರ್ಷದ ಕತೆಯಲ್ಲಿ ತೂತು ಬೀಳುತ್ತದೆ, ಉಳಿದವರ ನೆನಪಿನಲ್ಲಿರುವುದನ್ನು ನೀವು ಅಳಿಸಲಾರಿರಿ. ಒಂದನ್ನೂ ಕೊಡುವುದಿಲ್ಲ ಅಂತಲೂ ಕೂರಬಹುದು. ಆಗ ಗೆಳೆಯ ವಾಪಸ್ ಬರುವ ದಾರಿ ಮುಚ್ಚುತ್ತದೆ. ನನಗೆ ಸರಿ ಕಾಣುವುದು ಮೂರನೆಯದು. ಆಟದಲ್ಲಿ ಈಗಾಗಲೇ ಎದುರಾದ ಪ್ರಾಣಿಗಳು ಅವನ ಹೆಸರಿನ ಜೊತೆ ಹಾಗೇ ಉಳಿಯಲಿ, ಅವನು ಒಪ್ಪಿದರೆ. ಇನ್ನೂ ಯಾರೂ ನೋಡದವು ಬೆಟ್ಟ ದಾಟಿ ಹೋಗಲಿ. ನಿಜವಾದ ಪ್ರಾಣಿಗಳೂ ವಲಸೆ ಹೋಗುತ್ತವೆ ಅಲ್ವಾ? ಇದನ್ನು ಮೆಸೇಜ್ ಮಾಡಬೇಡಿ. ಚಿಂತಾಮಣಿಯೋ ಕೋಲಾರವೋ, ಅವನ ಊರಿಗೆ ಹೋಗಿ ಎದುರು ಕೂತು ಮಾತಾಡಿ.

ಮುಂದಕ್ಕೆ ಒಂದು ಪದ್ಧತಿ ಮಾಡಿಕೊಳ್ಳಿ. ಎಲ್ಲವನ್ನೂ ಒಬ್ಬರೇ ತೀರ್ಮಾನಿಸುವುದು ಸುಲಭ, ಆದರೆ ಒಂದು ವರ್ಷದಲ್ಲಿ ಅವರು ಸುಸ್ತಾಗುತ್ತಾರೆ, ಉಳಿದವರಿಗೆ ಅದು ತಮ್ಮ ಲೋಕ ಅನ್ನಿಸುವುದಿಲ್ಲ. ಯಾರು ಏನು ಬೇಕಾದರೂ ಸೇರಿಸಬಹುದು ಅನ್ನುವುದರ ಫಲ 52 ಬೇಟೆಗಾರರು. ನಾನು ಆಡುವ ಗುಂಪಿನಲ್ಲಿ ಒಬ್ಬರು ಪ್ರಾಣಿ ಬರೆಯುತ್ತಾರೆ, ಇನ್ನೊಬ್ಬರು ಅದಕ್ಕೆ ಪ್ರಶ್ನೆ ಕೇಳುತ್ತಾರೆ. ಆಟದಲ್ಲಿ ಕಣ್ಣಿಗೆ ಬಿದ್ದದ್ದು ಮಾತ್ರ ನಿಜ. ಉಳಿದದ್ದೆಲ್ಲ ಊರ ಮಾತು, ಯಾರು ಬೇಕಾದರೂ ಬದಲಾಯಿಸಬಹುದು. ನಿಜವಾದದ್ದನ್ನು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತೇವೆ, ಬರೆದವರ ಹೆಸರಿನ ಜೊತೆ. ಇದರಲ್ಲೂ ವಾದ ಬರುತ್ತದೆ, ಯಾರು ಏನು ನೋಡಿದರು ಅಂತ. ಆಗ ನೋಟ್‌ಬುಕ್ ತೆಗೆಯುತ್ತೇವೆ.

ಮರಿಗೆ ಬೆಂಕಿ ಇರಬೇಕಾ ಅಂತ ಕೇಳಿದ್ದೀರಿ. ಹುಟ್ಟಿದ ಕರುವಿನಲ್ಲಿ ಆ ಮೊದಲ ಹೊಟ್ಟೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಕುಡಿದ ಹಾಲು ಅದನ್ನು ಬಿಟ್ಟು ನೇರ ನಾಲ್ಕನೆಯ ಭಾಗಕ್ಕೆ ಹೋಗುತ್ತದೆ. ಹುಲ್ಲು ಕಚ್ಚಲು ಕಲಿತ ಮೇಲೆ, ಕೆಲವು ವಾರ ಕಳೆದ ಮೇಲೆ, ಗ್ಯಾಸ್ ಶುರುವಾಗುತ್ತದೆ. ಹಾಗಾಗಿ ಬೆಂಕಿಯಾಳಿಯ ಮರಿಗೆ ಬೆಂಕಿ ಇರುವುದಿಲ್ಲ. ತಾಯಿಯ ಕೆಚ್ಚಲಿಗೆ ಮುಖ ಒತ್ತಿಕೊಂಡು ಹಾಲು ಕುಡಿಯುತ್ತಿರುತ್ತದೆ, ಬರೀ ಹಲ್ಲು ಕಟಕಟ ಅನ್ನಿಸುತ್ತಿರುತ್ತದೆ. ಮೊದಲ ಕಿಡಿ ಯಾವ ಭಾನುವಾರ ಬರಬೇಕು ಅನ್ನುವುದನ್ನು ನೀವು ಹೇಳಬೇಡಿ. ಅದಕ್ಕೆ ಹುಲ್ಲು ತಿನ್ನಿಸುವವರು ಯಾರಾಗುತ್ತಾರೋ, ಅವರ ದಾಳ ಹೇಳಲಿ.